ಹಳೆಯ ಪ್ರಿಂಟರ್, ಹೊಸ ವೈ-ಫೈ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಪ್ರಿಂಟರ್ ರಿಪೇರಿ ನನ್ನ ಕಸುಬು. ಭಾನುವಾರಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿಮನೆಗಳಿಗೂ ಹೋಗುತ್ತೇನೆ. ಅಡಿಕೆ ತೋಟದ ನಡುವಿನ ಮನೆಗೂ ಫೈಬರ್ ಬಂದ ಮೇಲೆ ನನಗೆ ಬರುವ ಕರೆಗಳ ಧಾಟಿಯೇ ಬದಲಾಗಿದೆ. "ನಿನ್ನೆಯವರೆಗೆ ಚೆನ್ನಾಗಿತ್ತು, ಹೊಸ ಇಂಟರ್‌ನೆಟ್ ಹಾಕಿಸಿದ್ದೇ ತಡ, ಪ್ರಿಂಟರ್ ಕೆಟ್ಟಿತು" ಎನ್ನುತ್ತಾರೆ. ಹೋಗಿ ನೋಡಿದರೆ ಪ್ರಿಂಟರ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಬದಲಾದದ್ದು ಮನೆಯ ನೆಟ್‌ವರ್ಕ್. ಹತ್ತು ಹನ್ನೆರಡು ವರ್ಷದ ಯಂತ್ರಕ್ಕೆ ಹೊಸ ಭಾಷೆ ಕಲಿಸಲಾಗದು. ಆದರೆ ಹೊಸ ರೂಟರ್‌ಗೆ ಹಳೆಯ ಭಾಷೆ ಗೊತ್ತಿದೆ, ಅದರಿಂದ ಅದನ್ನು ಆಡಿಸಬೇಕು ಅಷ್ಟೇ.

ಪ್ರಶ್ನೆ: ನಮ್ಮ ಪ್ರಿಂಟರ್‌ನಲ್ಲಿ ವೈ-ಫೈ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಮೊದಲು ಹೆಸರಿನ ಬಾಲ ನೋಡಿ. ಮಾದರಿ ಸಂಖ್ಯೆಯ ಕೊನೆಯಲ್ಲಿ "ಡಬ್ಲ್ಯು" ಅಕ್ಷರವಿದ್ದರೆ ಸಾಮಾನ್ಯವಾಗಿ ವೈ-ಫೈ ಇದೆ, "ಎನ್" ಇದ್ದರೆ ನೆಟ್‌ವರ್ಕ್ ಕೇಬಲ್‌ನ ಕಿಂಡಿ ಇದೆ, "ಡಿ" ಇದ್ದರೆ ಕಾಗದದ ಎರಡೂ ಬದಿಗೆ ತಾನೇ ಮುದ್ರಿಸುತ್ತದೆ ಎಂದರ್ಥ. ಎಚ್‌ಪಿ ಪಿ1102 ಮತ್ತು ಪಿ1102ಡಬ್ಲ್ಯು ನೋಡಲು ಅವಳಿ ಮಕ್ಕಳಂತಿವೆ, ಆದರೆ ವೈ-ಫೈ ಇರುವುದು ಎರಡನೆಯದಕ್ಕೆ ಮಾತ್ರ. ಮುಂಭಾಗದಲ್ಲಿ ಪುಟ್ಟ ಗೋಪುರದಿಂದ ಅಲೆ ಹೊರಟಂತಹ ಚಿತ್ರವಿರುವ ದೀಪವೂ ಒಂದು ಗುರುತು. ಈ ಗುರುತು ಯಾವುದೂ ಇಲ್ಲದೆ ಹಿಂದೆ ಚೌಕಾಕಾರದ ಯುಎಸ್‌ಬಿ ಕಿಂಡಿಯೊಂದೇ ಇದ್ದರೆ, ಮುಂದಿನ ಪ್ರಶ್ನೆಗಳನ್ನು ಬಿಟ್ಟು ನೇರ "ವೈ-ಫೈಯೇ ಇಲ್ಲದ ಪ್ರಿಂಟರ್" ಎಂಬಲ್ಲಿಗೆ ಹೋಗಿ.

ಪ್ರಶ್ನೆ: ಹೊಸ ರೂಟರ್ ಬಂದ ಮೇಲೆ ಪ್ರಿಂಟರ್‌ಗೆ ನಮ್ಮ ವೈ-ಫೈ ಹೆಸರೇ ಕಾಣಿಸುತ್ತಿಲ್ಲ. ಪಕ್ಕದ ಮನೆಯದು ಕಾಣಿಸುತ್ತಿದೆ!

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕಾರಣಗಳು ಮೂರ್ನಾಲ್ಕು ಇವೆ, ಸಾಧ್ಯತೆ ಹೆಚ್ಚಿರುವುದರಿಂದ ಶುರುಮಾಡುತ್ತೇನೆ.

ಈಗಿನ ರೂಟರ್‌ಗಳು ಎರಡು ತರಂಗಾಂತರದ ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಹಳೆಯ ಪ್ರಿಂಟರ್‌ಗಳಿಗೆ ಗೊತ್ತಿರುವುದು 2.4 ಮಾತ್ರ. ಹಾಕಲು ಬಂದ ಹುಡುಗ ವೇಗ ತೋರಿಸುವ ಉಮೇದಿನಲ್ಲಿ 5 ಗಿಗಾಹರ್ಟ್ಸ್ ಒಂದನ್ನೇ ಚಾಲೂ ಇಟ್ಟು ಹೋಗಿರಬಹುದು, ಇಲ್ಲವೇ ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿರಬಹುದು. ರೂಟರ್‌ನ ಪುಟಕ್ಕೆ ಹೋಗಿ (ಬಹಳಷ್ಟು ಮನೆಗಳಲ್ಲಿ ಬ್ರೌಸರ್‌ನಲ್ಲಿ 192.168.1.1 ಎಂದು ಬರೆದರೆ ತೆರೆಯುತ್ತದೆ, ಸರಿಯಾದ ವಿಳಾಸ ರೂಟರ್‌ನ ಕೆಳಗಿನ ಚೀಟಿಯಲ್ಲಿರುತ್ತದೆ) 2.4ಕ್ಕೆ ಬೇರೆಯದೇ ಹೆಸರು ಕೊಡಿ. ಎರಡೂ ಪಟ್ಟಿಗಳನ್ನು ಒಂದೇ ಹೆಸರಿಗೆ ಕೂಡಿಸುವ ಸ್ಮಾರ್ಟ್ ಕನೆಕ್ಟ್ ಅಥವಾ ಬ್ಯಾಂಡ್ ಸ್ಟೀರಿಂಗ್ ಎಂಬ ಆಯ್ಕೆ ಇದ್ದರೆ ಅದನ್ನು ಮೊದಲು ಆಫ್ ಮಾಡಬೇಕು, ಇಲ್ಲವಾದರೆ ಹೆಸರು ಬೇರೆ ಮಾಡಲು ಅದು ಬಿಡುವುದಿಲ್ಲ.

ಅಲ್ಲೇ ಇರುವಾಗ ಇನ್ನೆರಡು ಕೆಲಸ ಮಾಡಿ. 2.4ರ ಚಾನೆಲ್ "ಆಟೋ" ಎಂದಿದ್ದರೆ 1, 6 ಅಥವಾ 11ಕ್ಕೆ ಕಟ್ಟಿಹಾಕಿ. ನಮ್ಮ ದೇಶದಲ್ಲಿ 13ರವರೆಗೆ ಚಾನೆಲ್ ಬಳಸಬಹುದು, ಆದರೆ ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಪ್ರಿಂಟರ್‌ಗಳಿಗೆ 11ರ ಆಚೆ ಕಣ್ಣು ಕಾಣುವುದಿಲ್ಲ. ಎರಡನೆಯದಾಗಿ, ಮೋಡ್ ಎಂಬಲ್ಲಿ ವೈ-ಫೈಯ ಹಳೆಯ ತಲೆಮಾರುಗಳಾದ ಬಿ, ಜಿ, ಎನ್ ಮೂರೂ ಕೂಡಿದ್ದನ್ನು ಆಯ್ದುಕೊಳ್ಳಿ, ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ವೈ-ಫೈ 6ರ "ಎಎಕ್ಸ್" ಮೋಡ್ ಚಾಲೂ ಇದ್ದರೆ ಕೆಲವು ಹಳೆಯ ಯಂತ್ರಗಳಿಗೆ ಆ ರೂಟರ್ ಇರುವುದೇ ತಿಳಿಯುವುದಿಲ್ಲ.

(ಅಮೆರಿಕದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಮಗ ಬರುವಾಗ ತಂದ ಲೇಸರ್ ಪ್ರಿಂಟರ್‌ನ ಚೀಟಿಯಲ್ಲಿ 110–127 ವೋಲ್ಟ್ ಎಂದಷ್ಟೇ ಇದ್ದರೆ, ಅದನ್ನು ನಮ್ಮ 230 ವೋಲ್ಟ್‌ನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಬೇಡಿ. ಆಮೇಲೆ ವೈ-ಫೈ ಜೋಡಿಸುವ ಪ್ರಶ್ನೆಯೇ ಉಳಿಯುವುದಿಲ್ಲ.)

ಇನ್ನೊಂದು ಕಾರಣ ನನ್ನ ಮನಸ್ಸಿಗೆ ಬೇಸರ ತಂದದ್ದು. ತೀರ್ಥಹಳ್ಳಿಯ ಹತ್ತಿರ ಒಬ್ಬರು ನಿವೃತ್ತ ಮೇಷ್ಟ್ರು ತಮ್ಮ ವೈ-ಫೈಗೆ ಕನ್ನಡ ಅಕ್ಷರಗಳಲ್ಲೇ "ತುಂಗಾ ತೀರ" ಎಂದು ಹೆಸರಿಟ್ಟಿದ್ದರು. ಫೋನಿನಲ್ಲಿ ಚೆಂದವಾಗಿ ಕಾಣುತ್ತಿತ್ತು. ಪ್ರಿಂಟರ್‌ನ ಪುಟ್ಟ ಪರದೆಯಲ್ಲಿ ಮಾತ್ರ ಸಾಲಾಗಿ ಖಾಲಿ ಡಬ್ಬಿಗಳು. ವೈ-ಫೈ ಹೆಸರಿಗೆ 32 ಬೈಟ್‌ಗಳ ಮಿತಿಯಿದೆ. ಕನ್ನಡದ ಪ್ರತಿ ಅಕ್ಷರಕ್ಕೂ ಮೂರು, ಕೊಂಬು, ದೀರ್ಘ, ಸೊನ್ನೆಗಳಿಗೆ ಮತ್ತೆ ಮೂರು ಮೂರು. ತುಂಗಾ ತೀರ 25 ಬೈಟ್ ತಿಂದು ಒಳಗೇ ಕುಳಿತಿತ್ತು, ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ಪಾಪ, ಆ ಪ್ರಿಂಟರ್‌ಗೆ ಓದಲು ಬರುತ್ತಿರಲಿಲ್ಲ. ಕೊನೆಗೆ 5 ಗಿಗಾಹರ್ಟ್ಸ್‌ಗೆ ಕನ್ನಡದ ಹೆಸರನ್ನು ಉಳಿಸಿ, 2.4ಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ "ತೋಟ" ಎಂದು ಬರೆದು ರಾಜಿಯಾದೆವು.

ಪ್ರಶ್ನೆ: ಹೆಸರು ಕಾಣಿಸುತ್ತದೆ, ಪಾಸ್‌ವರ್ಡ್ ಕೂಡ ಸರಿ ಇದೆ. ಆದರೂ ಸೇರುವುದಿಲ್ಲ.

ಬೀಗದ ಜಾತಿ ಬೇರೆಯಾಗಿದೆ. 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಭದ್ರತೆಯನ್ನು ಅದಕ್ಕಿಂತ ಹಳೆಯ ಪ್ರಿಂಟರ್‌ಗಳು ಕಂಡಿಲ್ಲ. ರೂಟರ್‌ನಲ್ಲಿ 2.4ರ ಭದ್ರತೆಯನ್ನು ಡಬ್ಲ್ಯುಪಿಎ2, ಎಇಎಸ್‌ಗೆ ಇಳಿಸಿ. 2 ಮತ್ತು 3 ಕೂಡಿದ ಮಿಶ್ರ ಆಯ್ಕೆಯೂ ಇರುತ್ತದೆ, ಆದರೆ ಕೆಲವು ಹಳೆಯ ಯಂತ್ರಗಳು ಅದಕ್ಕೂ ಗಲಿಬಿಲಿಗೊಳ್ಳುತ್ತವೆ. ಮನೆಬಳಕೆಗೆ ಡಬ್ಲ್ಯುಪಿಎ2 ಸಾಕು, ಪಾಸ್‌ವರ್ಡ್ ಉದ್ದವಾಗಿರಲಿ. ಡಬ್ಲ್ಯುಇಪಿ ಎಂಬ ಅತಿ ಹಳೆಯ ಬೀಗ ಬಿಟ್ಟು ಬೇರೆ ಗೊತ್ತಿಲ್ಲದಷ್ಟು ಮುದಿ ಪ್ರಿಂಟರ್ ಆಗಿದ್ದರೆ ಮಾತ್ರ ಅದರ ವೈ-ಫೈ ಆಸೆ ಬಿಡಿ. ಆ ಬೀಗ ಮುರಿದು ಇಪ್ಪತ್ತು ವರ್ಷಗಳ ಮೇಲಾಯಿತು. ಒಂದು ಪ್ರಿಂಟರ್‌ಗಾಗಿ ಇಡೀ ಮನೆಯ ಬಾಗಿಲನ್ನು ತೆರೆದಿಡುವುದು ಬೇಡ.

"ಪಾಸ್‌ವರ್ಡ್ ಸರಿ ಇದೆ" ಎಂಬುದನ್ನೂ ನಾನು ಸುಲಭವಾಗಿ ನಂಬುವುದಿಲ್ಲ. ಎರಡು ಸಾಲಿನ ಪರದೆಯ ಪ್ರಿಂಟರ್‌ನಲ್ಲಿ ಪಾಸ್‌ವರ್ಡ್ ಹೊಡೆಯುವುದೆಂದರೆ ಮೇಲ್ಮುಖ ಬಾಣದ ಗುಂಡಿಯನ್ನು ಒತ್ತುತ್ತಾ, ಅಕ್ಷರಗಳು ಒಂದೊಂದಾಗಿ ಹಾದುಹೋಗುವುದನ್ನು ಕಾಯುವುದು. ಬೇಕಾದದ್ದು ಕಣ್ಣೆದುರೇ ಜಾರಿಹೋಗುತ್ತದೆ, ಮತ್ತೊಂದು ಪೂರ್ತಿ ಸುತ್ತು. ಸರಿಯಾದುದನ್ನು ಹಿಡಿದು ಸರಿ ಒತ್ತಿದರೆ ಅದು ನಕ್ಷತ್ರವಾಗಿ ಬದಲಾಗುತ್ತದೆ, ಹೊಡೆದದ್ದು ದೊಡ್ಡಕ್ಷರವೋ ಚಿಕ್ಕಕ್ಷರವೋ ದೇವರಿಗೇ ಗೊತ್ತು. ಸೊನ್ನೆಗೂ "ಓ" ಅಕ್ಷರಕ್ಕೂ ವ್ಯತ್ಯಾಸ ತೋರದ ಪರದೆಗಳಿವೆ. ವಿಚಿತ್ರ ಚಿಹ್ನೆಗಳಿರುವ ಪಾಸ್‌ವರ್ಡ್ ಆಗಿದ್ದರೆ, ಅದನ್ನು ಅಕ್ಷರ ಮತ್ತು ಅಂಕಿಗಳಷ್ಟೇ ಇರುವ, ಇನ್ನೂ ಉದ್ದದ ಪಾಸ್‌ವರ್ಡ್‌ಗೆ ಬದಲಿಸುವುದು ಒಳ್ಳೆಯದು.

ಪ್ರಶ್ನೆ: ಡಬ್ಲ್ಯುಪಿಎಸ್ ಗುಂಡಿ ಒತ್ತಿದರೆ ಸಾಕಂತೆ, ಹೌದೇ?

ಹೌದು, ಪಾಸ್‌ವರ್ಡ್ ಹೊಡೆಯದೆ ಜೋಡಿಸುವ ಆ ಗುಂಡಿ ಎರಡೂ ಕಡೆ ಇದ್ದರೆ. ರೂಟರ್‌ನದನ್ನು ಒತ್ತಿ ಎರಡು ನಿಮಿಷದೊಳಗೆ ಪ್ರಿಂಟರ್‌ನದನ್ನು ಒತ್ತಬೇಕು. ಡಬ್ಲ್ಯುಪಿಎ3 ಮಾತ್ರ ಚಾಲೂ ಇದ್ದರೆ ಈ ಗುಂಡಿ ನಡೆಯುವುದಿಲ್ಲ. ಎಂಟಂಕಿಯ ಪಿನ್ ಬಳಸುವ ಡಬ್ಲ್ಯುಪಿಎಸ್ ವಿಧಾನವನ್ನು ಆಫ್ ಮಾಡಿಡಿ; ಅದನ್ನು ಊಹಿಸಿ ಒಳನುಗ್ಗಬಹುದೆಂದು 2011ರಲ್ಲೇ ತೋರಿಸಿಕೊಟ್ಟಿದ್ದಾರೆ.

ಪ್ರಶ್ನೆ: ನಮ್ಮ ಪ್ರಿಂಟರ್‌ಗೆ ಪರದೆಯೂ ಇಲ್ಲ, ಆ ಗುಂಡಿಯೂ ಇಲ್ಲ. ಪಾಸ್‌ವರ್ಡ್ ಎಲ್ಲಿ ಕೊಡುವುದು?

ಯುಎಸ್‌ಬಿ ಕೇಬಲ್‌ನಿಂದ ಒಮ್ಮೆ ಲ್ಯಾಪ್‌ಟಾಪ್‌ಗೆ ಜೋಡಿಸಿ, ಕಂಪನಿಯ ತಾಣದಿಂದ ನಿಮ್ಮ ಮಾದರಿಯ ಪೂರ್ತಿ ಸಾಫ್ಟ್‌ವೇರ್ ಇಳಿಸಿಕೊಳ್ಳಿ. ಅದು ಕೇಬಲ್ ಮೂಲಕ ಪಾಸ್‌ವರ್ಡ್ ಅನ್ನು ಪ್ರಿಂಟರ್‌ನ ತಲೆಗೆ ತುಂಬುತ್ತದೆ. ಆಮೇಲೆ ಕೇಬಲ್ ಬಿಚ್ಚಬಹುದು. ಆ ಕೇಬಲ್ ಅನ್ನು ಎಸೆಯಬೇಡಿ. ಪಾಸ್‌ವರ್ಡ್ ಬದಲಿಸಿದ ದಿನ ಮತ್ತೆ ಬೇಕಾಗುತ್ತದೆ.

ಪ್ರಶ್ನೆ: ಪ್ರಿಂಟರ್ ವೈ-ಫೈಗೆ ಸೇರಿದೆ, ದೀಪವೂ ಉರಿಯುತ್ತಿದೆ. ಆದರೆ ಲ್ಯಾಪ್‌ಟಾಪ್‌ಗೆ ಸಿಗುತ್ತಿಲ್ಲ.

ಮನೆಯಲ್ಲಿ ಎರಡು ಪೆಟ್ಟಿಗೆಗಳಿವೆಯೇ ನೋಡಿ. ಫೈಬರ್ ಬಂದು ಸೇರುವ ಪೆಟ್ಟಿಗೆಯೂ ವೈ-ಫೈ ಕೊಡುತ್ತದೆ. ಸಿಗ್ನಲ್ ಸಾಲದೆಂದು ಆಮೇಲೆ ತಂದ ರೂಟರ್ ಕೂಡ ಕೊಡುತ್ತದೆ. ಜಗುಲಿಯ ಪೆಟ್ಟಿಗೆ ಒಂದು ನೆಟ್‌ವರ್ಕ್, ಒಳಮನೆಯದು ಇನ್ನೊಂದು. ಪ್ರಿಂಟರ್ ಇದರಲ್ಲಿ, ಲ್ಯಾಪ್‌ಟಾಪ್ ಅದರಲ್ಲಿ. ಎರಡರಲ್ಲೂ ಇಂಟರ್‌ನೆಟ್ ಬರುವುದರಿಂದ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದಂತೆ: ಇಬ್ಬರಿಗೂ ಊಟವಾಗುತ್ತದೆ, ಒಬ್ಬರ ಪಾತ್ರೆ ಇನ್ನೊಬ್ಬರಿಗೆ ಸಿಗುವುದಿಲ್ಲ. ಪ್ರಿಂಟರ್‌ನಿಂದ ಸ್ಥಿತಿಪುಟವನ್ನು (ಅದು ತನ್ನ ವಿವರಗಳನ್ನು ತಾನೇ ಮುದ್ರಿಸಿ ಕೊಡುವ ಹಾಳೆ) ಮುದ್ರಿಸಿ ಅದರ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ಮನೆ ನಂಬರ್, ನೋಡಿ. ಅದು 192.168.0 ಎಂದು ಶುರುವಾಗಿ ಲ್ಯಾಪ್‌ಟಾಪ್‌ನದು 192.168.1 ಎಂದಿದ್ದರೆ ಕಳ್ಳ ಸಿಕ್ಕಿದಂತೆಯೇ. ಎರಡನೆಯ ರೂಟರ್ ಅನ್ನು "ಆಕ್ಸೆಸ್ ಪಾಯಿಂಟ್" ಮೋಡ್‌ಗೆ ಬದಲಿಸಿದರೆ ಒಲೆ ಒಂದಾಗುತ್ತದೆ.

ಪ್ರಿಂಟರ್ ಗೆಸ್ಟ್ ವೈ-ಫೈಗೆ ಸೇರಿದ್ದರೂ ಹೀಗೇ ಆಗುತ್ತದೆ. ಅತಿಥಿಗಳ ಉಪಕರಣಗಳು ಮನೆಯ ಉಪಕರಣಗಳನ್ನು ನೋಡದಂತೆ ಅಲ್ಲಿ ಗೋಡೆಯಿರುತ್ತದೆ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರ್ "ಆಫ್‌ಲೈನ್". ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಇದೇ ಗೋಳು.

ಆಷಾಢದಲ್ಲಿ ನನ್ನ ಅರ್ಧ ದುಡಿಮೆ ಇದರಿಂದಲೇ. ನಡೆಯುವುದು ಇಷ್ಟು: ಕರೆಂಟ್ ಬಂದಾಗ ಪ್ರಿಂಟರ್ ಬೇಗ ಎದ್ದು ಕೂರುತ್ತದೆ, ಫೈಬರ್ ಪೆಟ್ಟಿಗೆ ಮತ್ತು ರೂಟರ್ ಏಳಲು ಎರಡು ಮೂರು ನಿಮಿಷ ಬೇಕು. ವಿಳಾಸ ಕೊಡುವವರು ಯಾರೂ ಕಾಣದೆ ಪ್ರಿಂಟರ್ ತಾನೇ 169.254 ಎಂದು ಶುರುವಾಗುವ ಒಂದು ವಿಳಾಸ ಇಟ್ಟುಕೊಳ್ಳುತ್ತದೆ. ಅದು ಅನಾಥ ವಿಳಾಸ, ಅಲ್ಲಿಗೆ ಯಾವ ಟಪಾಲೂ ಹೋಗುವುದಿಲ್ಲ. ಇಲ್ಲವೇ ರೂಟರ್ ಎದ್ದ ಮೇಲೆ ಹೊಸ ವಿಳಾಸ ಕೊಡುತ್ತದೆ: ನಿನ್ನೆ ಕೊನೆಯ ಅಂಕಿ 5 ಇದ್ದದ್ದು ಇವತ್ತು 8. ಕಂಪ್ಯೂಟರ್ ಮಾತ್ರ ಹಳೆಯ 5ರ ಬಾಗಿಲನ್ನೇ ಬಡಿಯುತ್ತಿರುತ್ತದೆ.

ಈ ಹೊತ್ತಿನ ಪರಿಹಾರ, ರೂಟರ್ ಪೂರ್ತಿ ಎದ್ದ ಮೇಲೆ ಪ್ರಿಂಟರ್ ಅನ್ನು ಒಮ್ಮೆ ಆರಿಸಿ ಹಾಕುವುದು. ಶಾಶ್ವತ ಪರಿಹಾರಕ್ಕೆ ಅರ್ಧ ಗಂಟೆ ಕುಳಿತುಕೊಳ್ಳಬೇಕು. ರೂಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಭಾಗದೊಳಗೆ ಅಡ್ರೆಸ್ ರಿಸರ್ವೇಶನ್ ಹುಡುಕಿ. ಸ್ಥಿತಿಪುಟದಲ್ಲಿರುವ ಪ್ರಿಂಟರ್‌ನ ಮ್ಯಾಕ್ ವಿಳಾಸವನ್ನು (ಎರಡೆರಡರಂತೆ ಆರು ಜೋಡಿ ಅಕ್ಷರ-ಅಂಕಿಗಳು) ಅಲ್ಲಿ ಬರೆದು, ಅದರ ಮುಂದೆ 192.168.1.50ರಂತಹ ಒಂದು ವಿಳಾಸವನ್ನು ಕಾಯ್ದಿರಿಸಿ. ಇನ್ನು ಮುಂದೆ ಆ ಮನೆ ನಂಬರ್ ಬೇರೆ ಯಾರಿಗೂ ಹೋಗದು.

ಆಮೇಲೆ ವಿಂಡೋಸ್‌ನಲ್ಲಿ ಹಳೆಯ ಪ್ರಿಂಟರ್ ನಮೂದನ್ನು ಅಳಿಸಿ, ಹೊಸದಾಗಿ ಸೇರಿಸುವಾಗ ತಾನಾಗಿ ಹುಡುಕಲು ಬಿಡದೆ "ಟಿಸಿಪಿ/ಐಪಿ ವಿಳಾಸದಿಂದ ಸೇರಿಸು" ಎಂಬುದನ್ನು ಆರಿಸಿ ಅದೇ ಸಂಖ್ಯೆ ಕೊಡಿ. ತಾನಾಗಿ ಹುಡುಕಿದರೆ ವಿಂಡೋಸ್ ಅನೇಕ ಸಲ ಡಬ್ಲ್ಯುಎಸ್‌ಡಿ ಎಂಬ ಪೋರ್ಟ್ ಹಾಕುತ್ತದೆ. ಹಳೆಯ ಪ್ರಿಂಟರ್‌ಗಳ ಜೊತೆ ಅದರ ಸಂಸಾರ ಹೆಚ್ಚು ದಿನ ನಡೆದದ್ದನ್ನು ನಾನು ನೋಡಿಲ್ಲ. ಇಷ್ಟಾದರೂ ಆಫ್‌ಲೈನ್ ಎಂದು ತೋರಿಸಿದರೆ, ಪೋರ್ಟ್‌ನ ವಿವರಗಳಲ್ಲಿ "ಎಸ್‌ಎನ್‌ಎಂಪಿ ಸ್ಟೇಟಸ್" ಎದುರಿನ ಗುರುತನ್ನು ತೆಗೆಯಿರಿ. ಪ್ರಿಂಟರ್ ಸುಮ್ಮನಿದ್ದದ್ದನ್ನೇ ಸತ್ತಿದೆ ಎಂದು ಕಂಪ್ಯೂಟರ್ ತಿಳಿಯುವುದು ಆಗ ನಿಲ್ಲುತ್ತದೆ.

ಪ್ರಶ್ನೆ: ವೈ-ಫೈಯೇ ಇಲ್ಲದ ಪ್ರಿಂಟರ್ ಅನ್ನು ಏನು ಮಾಡುವುದು?

ಹಿಂದೆ ನೆಟ್‌ವರ್ಕ್ ಕೇಬಲ್‌ನ ಕಿಂಡಿ ಇದ್ದರೆ ನಿಮ್ಮಷ್ಟು ಅದೃಷ್ಟವಂತರಿಲ್ಲ. ಒಂದು ಕೇಬಲ್‌ನಿಂದ ರೂಟರ್‌ಗೆ ಸೇರಿಸಿ, ಮೇಲೆ ಹೇಳಿದಂತೆ ವಿಳಾಸ ಕಾಯ್ದಿರಿಸಿ, ಮರೆತುಬಿಡಿ. ಮನೆಯವರೆಲ್ಲ ವೈ-ಫೈಯಿಂದಲೇ ಮುದ್ರಿಸಬಹುದು.

ಯುಎಸ್‌ಬಿ ಮಾತ್ರ ಇರುವವರಿಗೆ ದಾರಿಗಳು ಹಲವು, ಆದರೆ ಎಲ್ಲ ಪ್ರಿಂಟರ್‌ಗೂ ಎಲ್ಲ ದಾರಿಯೂ ಹೊಂದುವುದಿಲ್ಲ. ರೂಟರ್‌ನ ಹಿಂದಿರುವ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಕೆಲವು ರೂಟರ್‌ಗಳಲ್ಲಿ ಆ ಕಿಂಡಿ ಪೆನ್‌ಡ್ರೈವ್‌ಗೆ ಮಾತ್ರ. ಕೊಳ್ಳುವ ಮೊದಲೇ "ಪ್ರಿಂಟ್ ಸರ್ವರ್" (ಪ್ರಿಂಟರ್ ಅನ್ನು ಮನೆಯ ನೆಟ್‌ವರ್ಕ್‌ಗೆ ಹಂಚುವ ವ್ಯವಸ್ಥೆ) ಎಂಬ ಮಾತು ವಿವರದಲ್ಲಿದೆಯೇ ನೋಡಿ. ಬಿಡಿಯಾಗಿ ಸಿಗುವ ಪ್ರಿಂಟ್ ಸರ್ವರ್ ಡಬ್ಬಿಗಳಿಗೂ ಇದೇ ಎಚ್ಚರಿಕೆ.

ನಮ್ಮ ಊರುಗಳಲ್ಲಿ ಮನೆಮನೆಯಲ್ಲೂ, ಜೆರಾಕ್ಸ್ ಅಂಗಡಿಗಳಲ್ಲೂ ಕಾಣುವ ಎರಡು ಯಂತ್ರಗಳು ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020. ಎರಡೂ ಆನೆಯಂತಹವು, ಸಾಯುವುದೇ ಇಲ್ಲ. ಆದರೆ ಇವಕ್ಕೆ ಸ್ವಂತ ಬುದ್ಧಿ ಕಡಿಮೆ, ಯೋಚಿಸುವ ಕೆಲಸವನ್ನೆಲ್ಲ ಕಂಪ್ಯೂಟರ್‌ಗೆ ಬಿಡುತ್ತವೆ. 1020ಕ್ಕೆ ಪ್ರತಿ ಸಲ ಆನ್ ಮಾಡಿದಾಗಲೂ ಅದನ್ನು ಒಳಗಿಂದ ನಡೆಸುವ ತಂತ್ರಾಂಶವಾದ ಫರ್ಮ್‌ವೇರ್ ಅನ್ನು ಕಂಪ್ಯೂಟರ್ ಹೊಸದಾಗಿ ಕಳಿಸಿಕೊಡಬೇಕು. 2900 ಆದರೋ ಮುದ್ರಣದ ನಡುವೆಯೂ ಕಂಪ್ಯೂಟರ್ ಜೊತೆ ಎದುರುಬದುರು ಮಾತಾಡುತ್ತಲೇ ಇರಬೇಕು. ಒಂದೇ ದಿಕ್ಕಿಗೆ ಮಾಹಿತಿ ತಳ್ಳುವ ಸಾಧಾರಣ ಪ್ರಿಂಟ್ ಸರ್ವರ್‌ಗೆ ಇದು ತಿಳಿಯುವುದಿಲ್ಲ. ಹಾಗಾಗಿ ಈ ಎರಡು ಇದ್ದವರು ಸಿಕ್ಕ ಡಬ್ಬಿ ಕೊಂಡು ದುಡ್ಡು ಕಳೆದುಕೊಳ್ಳಬೇಡಿ.

ಇವಕ್ಕೆ ನಾನು ಮಾಡಿಕೊಡುವುದು ಅತಿ ಹಳೆಯ ಉಪಾಯ. ಮೂಲೆ ಸೇರಿದ ಹಳೆಯ ಕಂಪ್ಯೂಟರ್ ಒಂದಿದ್ದರೆ ಪ್ರಿಂಟರ್ ಅನ್ನು ಅದಕ್ಕೆ ಕಟ್ಟಿ, ವಿಂಡೋಸ್‌ನಲ್ಲೇ ಹಂಚಿಕೊಳ್ಳುವ ವ್ಯವಸ್ಥೆ ಮಾಡುವುದು. ಆ ಕಂಪ್ಯೂಟರ್ ಚಾಲೂ ಇರಬೇಕು ಎಂಬುದೊಂದೇ ಕಿರಿಕಿರಿ. 2021ರಲ್ಲಿ ಮುದ್ರಣ ವ್ಯವಸ್ಥೆಯ ದೊಡ್ಡ ಲೋಪವೊಂದನ್ನು ಮುಚ್ಚಲು ಬಂದ ವಿಂಡೋಸ್ ಪರಿಷ್ಕರಣೆಗಳ ಬಳಿಕ, ಹೀಗೆ ಹಂಚಿದ ಪ್ರಿಂಟರ್‌ಗೆ ಸೇರುವಾಗ ಕೊನೆಯಲ್ಲಿ 11ಬಿ ಎಂದು ಬರುವ ದೋಷ ಕಾಣಿಸಿಕೊಳ್ಳತೊಡಗಿತು. ಅದು ಬಂದರೆ ಭದ್ರತೆ ಕಡಿಮೆ ಮಾಡುವ ಚಿಟಿಕೆ ವೈದ್ಯಕ್ಕೆ ಹೋಗಬೇಡಿ. ಎರಡೂ ಕಂಪ್ಯೂಟರ್‌ಗಳನ್ನು ಪರಿಷ್ಕರಿಸಿ, ಪ್ರಿಂಟರ್‌ನ ಡ್ರೈವರ್ (ಅದರ ಜೊತೆ ಮಾತಾಡುವ ತಂತ್ರಾಂಶ) ಅನ್ನು ಮುದ್ರಿಸುವ ಲ್ಯಾಪ್‌ಟಾಪ್‌ನಲ್ಲೂ ಮೊದಲೇ ಹಾಕಿ, "ಲೋಕಲ್ ಪೋರ್ಟ್" ಹೆಸರಿನಲ್ಲಿ ಆ ಹಂಚಿಕೆಯ ವಿಳಾಸ ಬರೆದು ಸೇರಿಸಿ ನೋಡಿ.

ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ರಾಸ್ಪ್‌ಬೆರಿ ಪೈ ತರಿಸಿ ಅವರಿಗೇ ಒಪ್ಪಿಸಿ. ಅಂಗೈಯಗಲದ ಆ ಕಂಪ್ಯೂಟರ್ ಮೇಲೆ ಕಪ್ಸ್ ಎಂಬ ಉಚಿತ ಮುದ್ರಣ ತಂತ್ರಾಂಶ ಹಾಕಿದರೆ, ಯುಎಸ್‌ಬಿ ಪ್ರಿಂಟರ್ ಕೂಡ ಐಫೋನಿಗೆ ತಾನು ನೇರವಾಗಿ ಮುದ್ರಿಸಬಲ್ಲ ಏರ್‌ಪ್ರಿಂಟ್ ಯಂತ್ರದಂತೆ ಕಾಣುತ್ತದೆ. 1020ಕ್ಕೆ ಬೇಕಾದ ಲಿನಕ್ಸ್ ಡ್ರೈವರ್ ಚೆನ್ನಾಗಿ ಪಳಗಿದೆ. 2900ಕ್ಕೆ ಆಸಕ್ತರು ಬರೆದ ಡ್ರೈವರ್ ಹುಡುಕಿ ಹೊಂದಿಸಬೇಕು. ಒಂದು ಭಾನುವಾರ ಹೋಯಿತೆಂದೇ ಲೆಕ್ಕ.

ಪ್ರಶ್ನೆ: ಮೊಬೈಲ್‌ನಿಂದ ಮುದ್ರಿಸಬಹುದೇ? ಪಹಣಿ, ಆಧಾರ್ ಎಲ್ಲ ಫೋನಿನಲ್ಲೇ ಇವೆ.

ವೈ-ಫೈ ಇರುವ ಪ್ರಿಂಟರ್‌ಗೆ ಮೊದಲು ಕಂಪನಿಯ ಆ್ಯಪ್, ಅಥವಾ ಆಂಡ್ರಾಯ್ಡ್‌ನಲ್ಲಿ ಮೋಪ್ರಿಯಾ ಪ್ರಿಂಟ್ ಸರ್ವಿಸ್ ಹಾಕಿ ನೋಡಿ. ಐಫೋನಿನ ಏರ್‌ಪ್ರಿಂಟ್ 2010ರಲ್ಲಿ ಬಂದದ್ದು, ಅದಕ್ಕಿಂತ ಹಳೆಯ ಪ್ರಿಂಟರ್‌ಗೆ ನೇರವಾಗಿ ಹೋಗುವ ಆಸೆ ಬೇಡ. ಗೂಗಲ್ ಕ್ಲೌಡ್ ಪ್ರಿಂಟ್ ಬಗ್ಗೆ ಹೇಳುವ ಹಳೆಯ ವಿಡಿಯೊಗಳನ್ನು ನೋಡಿ ಸಮಯ ಕಳೆಯಬೇಡಿ. ಆ ಸೇವೆ 2020ರ ಡಿಸೆಂಬರ್ 31ಕ್ಕೇ ಮುಚ್ಚಿದೆ.

ಪ್ರಶ್ನೆ: ನಮ್ಮದು ತೊಟ್ಟಿಮನೆ, ಗೋಡೆ ಎರಡಡಿ ದಪ್ಪ. ಪ್ರಿಂಟರ್ ಇರುವ ಕೋಣೆಗೆ ಸಿಗ್ನಲ್ಲೇ ಬರುವುದಿಲ್ಲ.

ಮಣ್ಣಿನ ಗೋಡೆ, ಜಂಬಿಟ್ಟಿಗೆಯ ಗೋಡೆ ಎರಡೂ ವೈ-ಫೈಯನ್ನು ನುಂಗುತ್ತವೆ, ಮಳೆಗೆ ನೆನೆದಾಗ ಇನ್ನೂ ಹೆಚ್ಚು. ತೊಟ್ಟಿಮನೆಗೆ ಮಾತ್ರ ಒಂದು ಅನುಕೂಲವಿದೆ: ನಡುವೆ ಬಯಲು. ರೂಟರ್ ಅನ್ನು ಜಗುಲಿಯ ಮೂಲೆಯಿಂದ ತೆಗೆದು ಅಂಗಳದ ಕಡೆಗೆ ತೆರೆದ ಪಡಸಾಲೆಯ ಕಂಬಕ್ಕೆ, ಎರಚಲು ತಾಗದಷ್ಟು ಎತ್ತರದಲ್ಲಿ ಕಟ್ಟಿದರೆ ನಾಲ್ಕೂ ಸುತ್ತಿನ ಬಾಗಿಲುಗಳಿಂದ ಸಿಗ್ನಲ್ ಒಳಹೋಗುತ್ತದೆ. ಇಲ್ಲದಿದ್ದರೆ ಪ್ರಿಂಟರ್ ಅನ್ನೇ ರೂಟರ್ ಹತ್ತಿರಕ್ಕೆ ತನ್ನಿ. ಅದು ನಿಮ್ಮ ಮೇಜಿನ ಪಕ್ಕದಲ್ಲೇ ಇರಬೇಕೆಂಬ ಹಟ ಏಕೆ? ವೈ-ಫೈ ಜೋಡಿಸುವುದೇ ಎದ್ದು ಹೋಗಿ ಕಾಗದ ತರಲು. ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ನನ್ನ ಕೊನೆಯ ಆಯ್ಕೆ.

ಪ್ರಶ್ನೆ: ಪ್ರಿಂಟರ್ ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಹಾಕಬಹುದೇ?

ರೂಟರ್ ಮತ್ತು ಫೈಬರ್ ಪೆಟ್ಟಿಗೆಯನ್ನು ಖಂಡಿತ ಹಾಕಿ, ಆಫ್‌ಲೈನ್ ಕಾಟ ಅರ್ಧ ಇಳಿಯುತ್ತದೆ. ಲೇಸರ್ ಪ್ರಿಂಟರ್ ಬೇಡ. ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಬಿಸಿ ಉರುಳೆ ಒಮ್ಮೆಗೇ ನೂರಾರು ವ್ಯಾಟ್ ಎಳೆಯುತ್ತದೆ. ಸಣ್ಣ ಯುಪಿಎಸ್ ಕೂಗಿಕೊಂಡು ಆರುತ್ತದೆ. ಇಂಕ್‌ಜೆಟ್ ಆದರೆ ಚಿಂತೆಯಿಲ್ಲ.

ಸಿಡಿಲಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಅದರ ಕಾಲ ಜಡಿಮಳೆಯಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಮತ್ತು ದೀಪಾವಳಿಯ ಹಿಂದುಮುಂದು. ಫೈಬರ್‌ನ ಗಾಜಿನೆಳೆ ವಿದ್ಯುತ್ತನ್ನು ಒಯ್ಯುವುದಿಲ್ಲ ಎಂದು ಧೈರ್ಯವಾಗಿರಬೇಡಿ. ಅದಕ್ಕೆ ಆಸರೆಯಾದ ಉಕ್ಕಿನ ತಂತಿ ಒಯ್ಯುತ್ತದೆ, ಅಡಾಪ್ಟರ್ ಸಿಕ್ಕಿಸಿದ ಪ್ಲಗ್ಗಂತೂ ಇದ್ದೇ ಇದೆ. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಪ್ರಶ್ನೆ: ವೈ-ಫೈ ಸರಿಹೋಯಿತು, ಈಗ ಕಾಗದ ಸಿಕ್ಕಿಕೊಳ್ಳುತ್ತಿದೆ!

ಜುಲೈ ತಿಂಗಳೇ? ಹಾಗಾದರೆ ಯಂತ್ರದ ತಪ್ಪಲ್ಲ, ಕಾಗದಕ್ಕೆ ತೇವ ಹಿಡಿದಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಟ್ರೇಯಲ್ಲಿ ಬಿಟ್ಟ ಕಾಗದ ಎರಡೇ ದಿನದಲ್ಲಿ ಬಾಳೆಯೆಲೆಯಷ್ಟು ಮೆತ್ತಗಾಗುತ್ತದೆ. ಬೇಕಾದಷ್ಟೇ ಹಾಳೆ ಹಾಕಿ, ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಕೊಪ್ಪದ ಕಡೆಯ ಒಂದು ಮನೆಯಲ್ಲಿ ಹಲಸಿನ ಹಪ್ಪಳದ ತಗಡಿನ ಡಬ್ಬಿಯಲ್ಲೇ ಕಾಗದದ ಕಟ್ಟು ಇಡುತ್ತಾರೆ. ಅವರ ಮನೆಯ ಪಹಣಿಗೆ ಸ್ವಲ್ಪ ಇಂಗಿನ ವಾಸನೆ ಇರುತ್ತದೆ, ಕಾಗದ ಮಾತ್ರ ಒಮ್ಮೆಯೂ ಸಿಕ್ಕಿಕೊಂಡಿಲ್ಲ.

ಪ್ರಶ್ನೆ: ಇಷ್ಟೆಲ್ಲ ಪಾಡಿಗಿಂತ ಹೊಸದನ್ನೇ ಕೊಳ್ಳುವುದು ಒಳ್ಳೆಯದಲ್ಲವೇ?

ಹಳೆಯ ಲೇಸರ್ ಆಗಿದ್ದು ಟೋನರ್ ಸುಲಭವಾಗಿ ಸಿಗುತ್ತಿದ್ದರೆ ಉಳಿಸಿಕೊಳ್ಳಿ. ಹಳೆಯ ಇಂಕ್‌ಜೆಟ್ ಆಗಿದ್ದು ತಲೆಭಾಗ ಒಣಗಿಹೋಗಿದ್ದರೆ ಅದಕ್ಕಾಗಿ ರೂಟರ್ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ರಿಪೇರಿಯವನೇ ಹೀಗೆ ಹೇಳುತ್ತಾನಲ್ಲ ಎನ್ನಬೇಡಿ, ಅಂತಹ ಪ್ರಿಂಟರ್ ಮತ್ತೆ ಮತ್ತೆ ನನ್ನ ಮೇಜಿಗೇ ಬರುತ್ತದೆ, ನನಗೂ ಸಾಕಾಗಿದೆ.

ಪ್ರಶ್ನೆ: ನೀವು ಮನೆಗೆ ಬರುವ ಮೊದಲು ಏನು ಸಿದ್ಧವಾಗಿಡಬೇಕು?

ಪ್ರಿಂಟರ್‌ನ ಹಿಂದಿನ ಚೀಟಿಯ ಫೋಟೊ, ಪ್ರಿಂಟರ್ ಕೊಟ್ಟರೆ ಅದರ ಸ್ಥಿತಿಪುಟ, ರೂಟರ್‌ಗೆ ಒಳಹೋಗುವ ಪಾಸ್‌ವರ್ಡ್. ರೂಟರ್‌ನ ಚೀಟಿಯ ಫೋಟೊವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಅದರಲ್ಲಿ ಪಾಸ್‌ವರ್ಡ್ ಇರುತ್ತದೆ. ಆ ಹಳೆಯ ಯುಎಸ್‌ಬಿ ಕೇಬಲ್ ಅನ್ನು ಅಟ್ಟದಿಂದ ಇಳಿಸಿಡಿ. ಮತ್ತು ದಯವಿಟ್ಟು ನಾಯಿಯನ್ನು ಕಟ್ಟಿಹಾಕಿ. "ಏನೂ ಮಾಡುವುದಿಲ್ಲ, ಬನ್ನಿ ಮಾರಾಯರೇ" ಎಂದು ಕರೆದ ಮನೆಯಲ್ಲೇ ನನ್ನ ಪ್ಯಾಂಟ್ ಹರಿದದ್ದು.